ಚೆಲ್ಲಿದ ಹಾಲಿನ ಪಾಠ

ಮಾವಾ,

ನಾನು ಬೆಳಗಿನ ಪಾಳಿಗೆ ಹೊರಟೆ. ಪುಟ್ಟಿ ಎದ್ದರೆ ಮೊದಲು ತಿಂಡಿ ಕೊಡಿ, ಪುಸ್ತಕ ಆಮೇಲೆ.

‘ಚೆಲ್ಲಿದ ಹಾಲಿಗೆ ಅಳಬೇಡ’ ಅನ್ನುವ ಇಂಗ್ಲಿಷ್ ನುಡಿಗಟ್ಟನ್ನು ನಿನ್ನೆ ಅವಳ ಕೈಲಿ ಹತ್ತು ಸಲ ಬರೆಸಿದೆ. ಗಿಳಿಪಾಠವಾಯಿತೇ ಹೊರತು ಅರ್ಥ ತಲೆಗೆ ಹತ್ತಲಿಲ್ಲ. ನಾನು ರೇಗಿಬಿಟ್ಟೆ, ತಪ್ಪು ನನ್ನದೇ. “ನಾನು ದಡ್ಡಿ, ನಾಳೆ ಪರೀಕ್ಷೆಗೆ ಹೋಗಲ್ಲ” ಅಂತ ಪಟ್ಟು ಹಿಡಿದೇ ಮಲಗಿದಳು.

“ನಂಗೆಲ್ಲಿ ಇಂಗ್ಲಿಷ್ ಬರುತ್ತಮ್ಮಾ” ಅಂತ ಕೊಟ್ಟಿಗೆಗೆ ಜಾರಿಕೊಳ್ಳಬೇಡಿ. ಹೋದ ವಾರ ಕೆಂದ ಹಸು ಒದ್ದು ಬಕೆಟ್ ತುಂಬ ಹಾಲು ಚೆಲ್ಲಿತಲ್ಲ, ನೀವು ಬಕೆಟ್ ತೊಳೆದು ಇನ್ನೊಂದು ಹಸುವಿನ ಹತ್ತಿರ ಕೂತಿರಿ. ಅದನ್ನೇ ಅವಳಿಗೆ ಹೇಳಿ. ಅದಕ್ಕಿಂತ ಚೆನ್ನಾಗಿ ಅರ್ಥ ಹೇಳಲು ನನಗೆ ಬರುವುದಿಲ್ಲ.

ಶಾಲೆಯ ಬಾಗಿಲವರೆಗೂ ಜೊತೆಗೆ ಹೋಗಿ. ನನ್ನ ಮೇಲಿನ ಸಿಟ್ಟನ್ನು ಪರೀಕ್ಷೆಯ ಮೇಲೆ ಬೇಡ, ಸಂಜೆ ನನ್ನ ಮೇಲೇ ತೀರಿಸಿಕೊಳ್ಳಲಿ.

— ಸೊಸೆ