ಬಾಗಿಲ ಮುಂದೆ ಎರಡು ನೆಗೆತ

ಬುಧವಾರ, ಹದಿನಾಲ್ಕನೇ ತಾರೀಖು
ರಾತ್ರಿ ಎರಡು ಗಂಟೆ ಹತ್ತು ನಿಮಿಷ

ಪ್ರೀತಿಯ ಅಕ್ಕಾ,

ಟಪ್ ಟಪ್. ನನ್ನನ್ನು ಎಬ್ಬಿಸಿದ್ದು ಈ ಸದ್ದು. ಮಗುವಲ್ಲ, ಅದು ಅಪರೂಪಕ್ಕೆ ಬಾಯಿ ತೆರೆದುಕೊಂಡು ಮಲಗಿದೆ. ಹಾಲ್‌ನ ಟಿವಿಯಿಂದ ಬಂದ ಸದ್ದು. ಎಂಥದೆಂದು ಹೇಳುತ್ತೇನೆ, ಸ್ವಲ್ಪ ತಡಿ.

ಮೊದಲು ಕ್ಷಮಿಸು. ನಿನ್ನ ಮೂರು ಮೆಸೇಜಿಗೂ ಬರೀ ಹೆಬ್ಬೆರಳ ಚಿತ್ರ ಕಳಿಸಿ ಸುಮ್ಮನಾದೆ. ಮಗುವಿಗೆ ಐದು ತಿಂಗಳು ತುಂಬಿತು. ಮಗುಚಿಕೊಳ್ಳುತ್ತದೆ, ವಾಪಸ್ ತಿರುಗಲು ಗೊತ್ತಾಗದೆ ಅಳುತ್ತದೆ. ಉಸಿರಾಡುತ್ತಿದೆಯಾ ಎಂದು ರಾತ್ರಿಯಿಡೀ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿರುತ್ತೇನೆ. ಸಂಖ್ಯಾಶಾಸ್ತ್ರ ಓದಿದವಳು ನಾನು. ಏನೂ ಆಗುವುದಿಲ್ಲವೆಂದು ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ.

ಮನೆಯ ಸುದ್ದಿಯೆಂದರೆ, ಇವರು ಗೇಮ್ ಕನ್ಸೋಲ್ ತಂದರು. "ಸೋಫಾದ ಮೇಲೆ ಒರಗಿಕೊಂಡು ಆಡೋದೂ ಒಂದು ಆಟಾನಾ?" ಎಂದು ಮೂಗು ಮುರಿಯುತ್ತಿದ್ದ ಕಂಪ್ಯೂಟರ್ ಶೂರ! ಇವರು ಬಾಗಿಲು ಹಾಕಿಕೊಂಡು ಆಡುತ್ತಿದ್ದ ಕೋಣೆ ತಂಪಾಗಿದೆಯೆಂದು ಹೋದ ತಿಂಗಳು ತೊಟ್ಟಿಲು ಅಲ್ಲಿಗೆ ಹೋಯಿತು. ಕೀಲಿಮಣೆಯ ಟಕಟಕಕ್ಕೆ ಮಗು ಬೆಚ್ಚತೊಡಗಿತು. ಹತ್ತು ದಿನದ ಹಿಂದೆ ಈ ಪೆಟ್ಟಿಗೆ ತಂದು ಟಿವಿ ಕೆಳಗಿಟ್ಟು, ಎರಡನೇ ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು, "ಇದು ನಿಂದು. ಇನ್ಮೇಲೆ ಇಬ್ರೂ ಜೊತೆಗೆ ಆಡೋಣ" ಎಂದರು. ನನಗೆ ಕಣ್ಣು ತುಂಬಿ ಬಂತು.

ಅದರಲ್ಲಿ ಎರಡು ಪುಟ್ಟ ಕಡ್ಡಿಗಳಿವೆ. ಎಡ ಹೆಬ್ಬೆರಳಿಗೆ ನಡಿಗೆ, ಬಲ ಹೆಬ್ಬೆರಳಿಗೆ ನೋಟ ಮತ್ತು ಗುರಿ. ನೆನಪಾಯಿತಾ? ಚಿಕ್ಕವರಿದ್ದಾಗ ನಮ್ಮದು ಒಂದೇ ಕಂಪ್ಯೂಟರ್, ಒಂದೇ ಕುರ್ಚಿ, ಅರ್ಧ ನಿನಗೆ, ಅರ್ಧ ನನಗೆ. ಕೀಲಿಮಣೆ ನನ್ನದು, ಮೌಸ್ ನಿನ್ನದು. ನಾನು ನಡೆಸಬೇಕು, ನೀನು ಗುರಿಯಿಡಬೇಕು. ಇಬ್ಬರೂ ಸೇರಿ ಒಬ್ಬ ವೀರ. ಈಗಲೂ ನನ್ನ ಎಡ ಹೆಬ್ಬೆರಳು ಚಕಚಕನೆ ಓಡಿತು; ಬಲದ್ದಕ್ಕೆ ಒಂದಕ್ಷರ ಗೊತ್ತಿಲ್ಲ. ನನ್ನ ವೀರ ಚಾವಣಿ ನೋಡುತ್ತ ಓಡಿಹೋಗಿ ಕೊಳಕ್ಕೆ ಬಿದ್ದ. "ಏನು, ಫ್ಯಾನ್ ಒರೆಸ್ಬೇಕಾ ಅಂತ ನೋಡ್ತಿದಾನಾ?" ಎಂದು ಇವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮತ್ತೆ ಅದನ್ನು ಮುಟ್ಟಲಿಲ್ಲ.

ಅಂದಿನಿಂದ ದಿನಾ ರಾತ್ರಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಗೋ ಮಾತು. "ಸ್ವಲ್ಪ ನಿಲ್ಲಿ, ನನ್ನ ಬಿಟ್ಟು ಓಡ್ಬೇಡಿ" ಎನ್ನುವುದು, ನಗುವುದು. ಆ ನಗು ಮದುವೆಗೆ ಮುಂಚೆ ನನ್ನೊಬ್ಬಳಿಗೇ ಕೇಳಿಸುತ್ತಿದ್ದುದು!

"ಯಾರ್ರೀ ಅದು?"

"ತಂಡದವರು."

ತಂಡದವರಂತೆ! ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಮಗುವಿನ ಬಟ್ಟೆ ಮಡಚಿದೆ. ಅವಳು ಯಾರು, ಕೂದಲು ಎಷ್ಟುದ್ದ, ಹಾಲಿನ ಕಲೆಯಿಲ್ಲದ ಬಟ್ಟೆ ಎಷ್ಟಿವೆ ಎಂದೆಲ್ಲ ಊಹಿಸಿದೆ. ಹಗಲೆಲ್ಲ ಮಲಗಿರುತ್ತಾಳೆ ಎನ್ನಿಸಿದ್ದೇ ನನ್ನನ್ನು ಹೆಚ್ಚು ಉರಿಸಿತು.

ಇವತ್ತು ಹೆಡ್‌ಫೋನ್‌ನ ಚಾರ್ಜ್ ಮುಗಿದಿತ್ತು. ಆಟದ ಸದ್ದು ಟಿವಿಯಿಂದಲೇ ಬಂತು. ಟಪ್ ಟಪ್. ಆಟದೊಳಗಿನ ಬಾಗಿಲ ಮುಂದೆ ಎರಡು ನೆಗೆತ, ಆಮೇಲೆ ಬಾಗಿಲು ತೆರೆಯುವುದು. ಹಾಗೆ ಬಾಗಿಲು ತೆರೆಯುವವರು ಈ ಲೋಕದಲ್ಲಿ ನೀನು, ನಾನು ಇಬ್ಬರೇ. ಎದ್ದು ಹೋಗಿ ಸೋಫಾದ ಹಿಂದೆ ನಿಂತೆ.

"ಮಗು ಎದ್ದಿತಾ?" ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

"ಅದು ಅಕ್ಕ ಅಲ್ವಾ?"

"ಹೂಂ. ನಾಲ್ಕು ತಿಂಗಳಿಂದ ಆಡ್ತಿದೀವಿ. ಹೇಳಿದ್ರೆ ಅವಳೂ ನಿದ್ದೆಗೆಟ್ಟು ಬಂದು ಕೂತ್ಕೋತಾಳೆ, ಪಾಪ, ಹೇಳ್ಬೇಡಿ ಅಂತ ಅವರೇ ಅಂದ್ರು. ಹೋಗು, ಮಲ್ಕೋ."

ಪ್ರೀತಿಯಿಂದಲೇ ಅಂದರು. ಅದಕ್ಕೇ ಜಗಳ ಆಡಲೂ ಆಗಲಿಲ್ಲ. ಅಡುಗೆಮನೆಗೆ ಬಂದು, ಹಾಲಿನ ಪುಡಿ ಡಬ್ಬದ ಪಕ್ಕ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಾಳೆಯ ಫೋಟೊ ತೆಗೆದು ಕಳಿಸುತ್ತೇನೆ. ಮಲಗಿದ್ದೆ ಎಂದು ಮಾತ್ರ ಹೇಳಬೇಡ. ಗೋಡೆಯಾಚೆಯಿಂದ ನೀನು ನನಗೆ ಕೇಳಿಸುತ್ತಿದ್ದೀಯ.

ನಿನ್ನ ಕೈ, ಕಣ್ಣು ಚೆನ್ನಾಗಿರಲಿ. ದೊಡ್ಡಮ್ಮನಿಗೆ ಮಗುವಿನ ಕಡೆಯಿಂದ ಜೊಲ್ಲು ಸಮೇತ ಒಂದು ಮುತ್ತು.

ಇತಿ,
ನಿನ್ನ ಎಡಗೈ

ಹೇಳದೆ ಉಳಿದದ್ದು: ಆ ಹೆಂಗಸು ನೀನೆಂದು ಗೊತ್ತಾದ ಮೇಲೆ ಉರಿ ಆರಬೇಕಿತ್ತು. ಆರಲಿಲ್ಲ, ಹೊರಳಿತು. ಈಗ ನನಗೆ ಹೊಟ್ಟೆಕಿಚ್ಚು ಇವರ ಮೇಲೆ. ಆ ಎರಡು ನೆಗೆತ ನನ್ನದು ಅಕ್ಕಾ. ನೀನು ಗುರಿ ಹೊಂದಿಸಿಕೊಳ್ಳಲಿ ಎಂದು ಬಾಗಿಲ ಮುಂದೆ ನೆಗೆದು ಹೊತ್ತು ಕಳೆಯುತ್ತಿದ್ದವಳು ನಾನು. ನೀನಿಲ್ಲದೆ ನನಗೆ ಇವತ್ತಿಗೂ ಚಾವಣಿಯೇ ಗತಿ. ನಾನಿಲ್ಲದೆ ನಡೆಯುವುದನ್ನು ನೀನು ಯಾವಾಗ ಕಲಿತೆ? ಆಟ ಅರ್ಧಕ್ಕೇ ಬಿಟ್ಟುಬಿಡು. ಇವರು ಸತ್ತರೆ ಸಾಯಲಿ, ಆಟದಲ್ಲಿ ಇನ್ನೊಂದು ಜೀವ ಇರುತ್ತದೆ. ಬೆಳಗಾದರೆ ನಾನು ಮತ್ತೆ "ಚೆನ್ನಾಗಿದ್ದೀನಿ" ಅಂದುಬಿಡುತ್ತೇನೆ, ನೀನು ನಂಬಿಬಿಡುತ್ತೀಯ. ಫೋನ್ ಕೈಯಲ್ಲೇ ಹಿಡಿದಿದ್ದೇನೆ. ಬೆಳಗಾಗುವುದರೊಳಗೆ ಮಾಡೇ, ಅಕ್ಕಾ.