ಲೂಮೊ ಗುರುವಾರ

ಏಪ್ರಿಲ್ 29, 2025. ಬೆಳಿಗ್ಗೆ 7.40
ಮತ್ತೆ ಬಸ್ ಲೇಟ್. ಮೀರಾ ಮೆಸಾ ಎಂಬ ಈ ಅಮೆರಿಕನ್ ಬಡಾವಣೆಯ ಸ್ಟಾಪಿನಲ್ಲಿ ನಾನೊಬ್ಬಳೇ. ಉಳಿದವರಿಗೆಲ್ಲ ಕಾರು. ಮೊಸರನ್ನದ ಡಬ್ಬಿ ಸೋರಿ ನೋಟ್ಸ್ ಒದ್ದೆ. ಪ್ರೊಫೆಸರ್ ಮೇಲ್ ಬಂದಿದೆ, ಒಂದೇ ಸಾಲು: ನಾಳೆ ಹತ್ತಕ್ಕೆ ಬಂದು ಕಾಣು. ಟರ್ಮ್ ಪೇಪರ್ ಡ್ರಾಫ್ಟಿನ ಬಗ್ಗೆಯೇ ಇರಬೇಕು. ಚೆನ್ನಾಗಿಯೇ ಬರೆದಿದ್ದೆನಲ್ಲ...

ಏಪ್ರಿಲ್ 30
ಚೆನ್ನಾಗಿದ್ದದ್ದೇ ತಪ್ಪಾಯಿತು.
ವಿಷಯ: ದಂಬಾಕುಂಡ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನದಿಯ ಸಣ್ಣ ಬಂದರು. ಸುತ್ತಲಿನ ಊರುಗಳ ವ್ಯಾಪಾರದಲ್ಲಿ ಅದರ ಪಾತ್ರವೇನು? ಲೈಬ್ರರಿಯಲ್ಲಿ ಸಿಕ್ಕಿದ್ದು ಒಂದೇ ರಿಪೋರ್ಟ್. ಅದರಿಂದ ನಾಲ್ಕು ಪುಟ ಹಾಗೆಯೇ ಇಳಿಸಿದ್ದೆ. ಕದಿಯುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್. ಉತ್ತರದಲ್ಲಿ ಒಂದು ಪದ ಬದಲಾದರೂ ವಾರ್ಡನ್ ಮೇಡಂ ಕಿವಿ ಹಿಂಡುತ್ತಿದ್ದರು. "ಪುಸ್ತಕದಾಗ ಇದ್ದಂಗ ಬರಿ. ನಿನ್ನ ಶ್ಯಾಣ್ಯಾತನ ಯಾರು ಕೇಳ್ಯಾರ?" ಹಾಗೆ ಬರೆದೇ ತಾಲ್ಲೂಕಿಗೆ ಫಸ್ಟ್ ಬಂದವಳು.
ಪ್ರೊಫೆಸರ್ ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು. ಹಾಳೆ ತಿರುವುತ್ತ, "ಇದರಲ್ಲಿ ನೀನು ಎಲ್ಲಿದ್ದೀಯ?" ಎಂದರು. ಕಾಪಿ ಪ್ರಕರಣ ವಿಚಾರಿಸುವ ಯೂನಿವರ್ಸಿಟಿ ಕಮಿಟಿಗೆ ವಿಷಯ ಕಳಿಸಲೇಬೇಕಂತೆ. ಹೊಸದಾಗಿ ಬರೆದರೆ, ಆ ಬಂದರು ಗೊತ್ತಿರುವ ಒಬ್ಬರನ್ನಾದರೂ ಮಾತಾಡಿಸಿ ಬರೆದರೆ, ನನ್ನ ಪರ ನಿಲ್ಲುತ್ತಾರಂತೆ. ಇಲ್ಲವಾದರೆ ಫೇಲ್. ಫೇಲಾದರೆ ಸರ್ಕಾರದ ಸ್ಕಾಲರ್‌ಶಿಪ್ ಕಟ್. ಅದು ಹೋದರೆ ವೀಸಾವೂ. ಮಾಸ್ಟರ್ಸ್ ಮೊದಲ ವರ್ಷವೂ ಮುಗಿಯದೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತಿರುವ ನಾನು—
ಊಟ ಸೇರಲಿಲ್ಲ.

ಮೇ 4
ರಚನಾಗೆ ಹೇಳಿದೆ. ರೂಮ್‌ಮೇಟ್, ನನಗಿಂತ ಒಂದು ವರ್ಷ ಸೀನಿಯರ್, ಬಸವನಗುಡಿಯವಳು.
"ಅಯ್ಯೋ ಟಾಪರ್, ಕಾಪಿ ಹೊಡಿಯೋಕೂ ನೆಟ್ಟಗೆ ಬರಲ್ವೇನೇ ನಿಂಗೆ?"
ಅತ್ತುಬಿಟ್ಟೆ. ಆಮೇಲೆ ಅವಳೇ ಚಹಾ ಮಾಡಿ ಕೊಟ್ಟಳು. "ಇರು. ನನ್ನ ಲ್ಯಾಬ್‌ಮೇಟ್ ಒಬ್ಳು ಎಲ್ಎಗೆ ಹೋಗಿ ಜಡೆ ಹಾಕಿಸ್ಕೊಂಡ್ ಬರ್ತಾಳೆ. ಆ ಅಂಗಡಿಯೋರು ಗ್ಯಾಂಬಿಯಾನೇ ಅಂತಿದ್ಲು. ಕೇಳ್ತೀನಿ."

ಮೇ 17, ಶನಿವಾರ. ಡೈಮಂಡ್ ಬಾರ್
ಎಲ್ಎ ಪಕ್ಕದ ಊರು, ರಚನಾಳ ಕಸಿನ್ ಮನೆ. ಇಲ್ಲಿಗೆ ಬರುವ ದಾರಿಯಲ್ಲಿ ನನ್ನನ್ನು ಆ ಜಡೆ ಅಂಗಡಿಯ ಮುಂದೆ ಇಳಿಸಿದಳು, ಮೂರು ಗಂಟೆಯ ನಂತರ ಬಂದು ಕರೆದುಕೊಂಡಳು.
ಎರಡೇ ಕುರ್ಚಿಗಳ ಅಂಗಡಿ. ಅಂಗಡಿಯಾಕೆಗೆ ಐವತ್ತೈದು ಇರಬಹುದು. ಆಂಟಿ ಎನ್ನಲು ಬಾಯಿ ಬರಲಿಲ್ಲ. ಅಕ್ಕ ಎಂದೆ, ಅರ್ಥ ಹೇಳಿದೆ. ನಕ್ಕರು. ನಾನು ಫೋನ್ ತೆಗೆದದ್ದೇ ನಗು ನಿಂತಿತು.
"ರೆಕಾರ್ಡ್ ಬೇಡ. ಹೆಸರೂ ಬೇಡ. ಈ ದೇಶದಲ್ಲಿ ಆಶ್ರಯ ಕೇಳಿದ ನನ್ನ ಅಸೈಲಮ್ ಕೇಸ್ ಇನ್ನೂ ಮುಗಿದಿಲ್ಲ, ಹುಡುಗಿ. ಕಿವಿ ಇದೆಯಲ್ಲ, ಕೇಳಿಸಿಕೋ."
ಅವರು ಆಡಿದ್ದು ಇಂಗ್ಲಿಷ್. ನನ್ನ ತಲೆಯಲ್ಲಿ ಉಳಿದದ್ದು ಕನ್ನಡ.
ರಿಪೋರ್ಟಿನ ಸಾಲು ಒಪ್ಪಿಸಿದೆ. ಶೇಂಗಾ ಒಯ್ಯುವ ದೊಡ್ಡ ಸರಕುದೋಣಿ‌ಗಳು ನಿಂತ ಮೇಲೆ ದಂಬಾಕುಂಡ ಸತ್ತ ಬಂದರು; ಕಟ್ಟೆಯಲ್ಲಿ ಒಂದೇ ದೋಣಿ ಕಂಡಿತು. ಅರ್ಧ ತಲೆಗೆ ಜಡೆ ಆಗಿದ್ದ ಗಿರಾಕಿಯೂ ತಿರುಗಿ ನೋಡಿದಳು.
"ಕಂಡದ್ದು ಯಾವ ವಾರ?" ಅಕ್ಕ ಕೇಳಿದರು.
ರಿಪೋರ್ಟ್ ಮೊಬೈಲಿನಲ್ಲೇ ಇತ್ತು. ಫೀಲ್ಡ್ ವಿಸಿಟ್: ಎರಡು ಸಲ. ತಾರೀಖು ಹಾಕಿ ಕ್ಯಾಲೆಂಡರ್ ನೋಡಿದೆ. ಎರಡೂ ಸೋಮವಾರ.
"ಲೂಮೊ ಗುರುವಾರ!" ಬಾಚಣಿಗೆಯಿಂದ ಕುರ್ಚಿಗೆ ಬಡಿದರು. ಲೂಮೊ ಎಂದರೆ ವಾರದ ಸಂತೆ. "ಸೋಮವಾರ ಅಲ್ಲಿ ನಾಯಿಯೂ ಇರುವುದಿಲ್ಲ. ಸಾಹೇಬರು ಖಾಲಿ ಕಟ್ಟೆ ನೋಡಿ ಹೆಣ ಅಂದುಕೊಂಡರು!"
ಗಿರಾಕಿ ನಕ್ಕಳು. "ಅಲುಗಾಡಬೇಡ, ಬೈತಲೆ ಸೊಟ್ಟಗಾದರೆ ನನ್ನನ್ನು ಅನ್ನಬೇಡ," ಎಂದು ಅವಳ ತಲೆ ಹಿಡಿದು ನೇರ ಮಾಡಿ ಮುಂದುವರಿಸಿದರು. ಗುರುವಾರ ಬೆಳಕು ಹರಿಯುವ ಮೊದಲೇ ದೋಣಿಗಳು. ಉಬ್ಬರ ಏರಿದಾಗ ಕೆಳಗಿನ ಊರುಗಳಿಂದ ಉಪ್ಪು, ಹೊಗೆಗೆ ಒಣಗಿಸಿದ ಮೀನು. ಇಳಿಯುವಾಗ ಮೇಲಿನ ಊರುಗಳಿಂದ ಅಕ್ಕಿ, ಚಾಪೆ, ಮಾವು, ಕಾಲು ಕಟ್ಟಿದ ಮೇಕೆ. "ಹುಟ್ಟು ಹಾಕುವ ಕೆಲಸ ಅರ್ಧ ನದಿಯದು, ಅರ್ಧ ನಮ್ಮದು. ಅಮ್ಮ ಉಪ್ಪು ಇಳಿಸಿ ಅಕ್ಕಿ ಏರಿಸುತ್ತಿದ್ದಳು. ಸೂಲಗಿತ್ತಿ ಬೇಕಾದರೂ ಅಲ್ಲೇ ಹುಡುಕಬೇಕು. ನನ್ನ ಗಂಡನೂ ಅಲ್ಲೇ ಸಿಕ್ಕಿದ್ದು. ಅದೊಂದು ಕೆಟ್ಟ ವ್ಯಾಪಾರ."
ಕಾರಿನಲ್ಲಿ ಕಣ್ಣು ಮುಚ್ಚಿ ಎಲ್ಲವನ್ನೂ ಬಾಯಿಪಾಠ ಮಾಡಿದೆ. ಹಾಸ್ಟೆಲ್ ಅಭ್ಯಾಸ. ಹನ್ನೊಂದು ಪುಟ ಬರೆದಿಟ್ಟೆ. ಒಂದು ಮಾತೂ ಬಿಟ್ಟಿಲ್ಲ, ಹೆಸರೊಂದನ್ನು ಬಿಟ್ಟು.

ಮೇ 20
ಮೊದಲ ವಾಕ್ಯ ಏಳುತ್ತಿಲ್ಲ. "ರಿಪೋರ್ಟ್ ತಪ್ಪು" ಎಂದು ಟೈಪ್ ಮಾಡುವುದು, ಅಳಿಸುವುದು. ಅಚ್ಚಾದದ್ದು ತಪ್ಪಿರಲು ಸಾಧ್ಯವೇ? ಹೇಳಲು ನಾನ್ಯಾರು?
ಅವ್ವನಿಗೆ ಫೋನ್. "ನದ್ಯಾಗ ಬಂದರಾ? ಹಂಗೂ ಇರ್ತಾವೇನು?" ಎಲ್ಲ ವಿವರಿಸಿದೆ. "ಲಾರಿ ಬರಲಿಲ್ಲಂದ್ರ ಸಂತಿನ ಇಲ್ಲಂತನ ಅವ? ಯಾವ ಶ್ಯಾಣ್ಯಾ ಬರದಾನಬೇ ಅದನ್ನ?"
ಮೊದಲ ವಾಕ್ಯ ಬಂತು.

ಜೂನ್ 9, ಸೋಮವಾರ
ಇಪ್ಪತ್ತು ದಿನ ಬರೆದಿಲ್ಲ. ಪೇಪರ್ ಕೊಟ್ಟೆ. ಪ್ರೊಫೆಸರ್ "ಈಗ ಇದರಲ್ಲಿ ನೀನಿದ್ದೀಯ" ಎಂದಿದ್ದರು. ನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಿದ್ದೆ.
ಇವತ್ತು ಕಮಿಟಿಯ ಮೇಲ್. ಸಂದರ್ಶನ ನಡೆದದ್ದಕ್ಕೆ ಸಾಕ್ಷಿ ಬೇಕಂತೆ. ಆಡಿಯೋ, ಇಲ್ಲವೇ ಹೆಸರು ಮತ್ತು ಫೋನ್ ನಂಬರ್. ಗುರುವಾರ ಹಿಯರಿಂಗ್. ಒಮ್ಮೆ ಕಾಪಿ ಹೊಡೆದವಳು ಈಗ ಒಬ್ಬ ಹೆಂಗಸನ್ನೇ ಕಲ್ಪಿಸಿಬಿಟ್ಟಿದ್ದಾಳೆ ಎಂದುಕೊಂಡಿದ್ದಾರೆ. ಅವರ ಜಾಗದಲ್ಲಿದ್ದರೆ ನಾನೂ...
ಎಲ್ಎಯಲ್ಲಿ ಶುಕ್ರವಾರದಿಂದ ವಲಸೆ ಬಂದವರನ್ನು ಹಿಡಿಯುವ ಇಮಿಗ್ರೇಶನ್ ರೇಡ್. ಟಿವಿ ತುಂಬ ಅದೇ. ಅಕ್ಕನ ಅಂಗಡಿಗೆ ಆರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ಜೂನ್ 10
"ಕೊಟ್ಬಿಡೇ ಹೆಸ್ರು," ರಚನಾ. "ಯೂನಿವರ್ಸಿಟಿ ಕಮಿಟಿ ಅದು, ಪೊಲೀಸ್ ಅಲ್ಲ. ಫೈಲಲ್ಲಿ ಬಿದ್ದಿರತ್ತೆ ಅಷ್ಟೇ."
"ಆ ಫೈಲ್ ಯಾರ್ ನೋಡ್ತಾರೆ?"
"ನಂಗೇನ್ ಗೊತ್ತು?"
"ನಂಗೂ ಗೊತ್ತಿಲ್ಲ."
"ಸರಿ, ಗಂಟು ಕಟ್ಟು. ಕುಷ್ಟಗಿಗೆ ಟಿಕೆಟ್ ನಾನೇ ನೋಡ್ತೀನಿ." ಬಾಗಿಲು ಬಡಿದುಕೊಂಡು ಹೋದಳು. ಹತ್ತೇ ನಿಮಿಷಕ್ಕೆ ವಾಪಸ್. ಪಕ್ಕದಲ್ಲಿ ಕುಳಿತಳು.

ಜೂನ್ 11. ಸಂಜೆ 5.15
ಗೊತ್ತಿಲ್ಲದ ನಂಬರಿನಿಂದ ಫೋನ್. ಅಕ್ಕ! ಅಂಗಡಿ ಮುಚ್ಚಿದ್ದಾರೆ, ಯಾರದೋ ಮನೆಯಲ್ಲಿದ್ದಾರೆ. ಎಲ್ಲಿ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ರಚನಾಳ ಲ್ಯಾಬ್‌ಮೇಟ್ ಕಮಿಟಿಯ ಸುದ್ದಿ ಮುಟ್ಟಿಸಿದ್ದಾಳೆ.
"ಹೆಸರು ಬರೆದುಬಿಡು ತುಳಸಿ. ನಿನ್ನ ಓದು ಹಾಳಾಗಬಾರದು."
"ನಿಮ್ಮ ಕೇಸ್?"
"ಅದು ನನ್ನ ಪಾಡು." ಹಿಂದೆ ಯಾರೋ ಟಿವಿ ಸದ್ದು ಕಡಿಮೆ ಮಾಡಿದರು. "ನಮ್ಮ ಗುರುವಾರದ ಬಗ್ಗೆ ಬರೆದೆಯಾ?"
"ಬರೆದೆ."
"ಅಮ್ಮನ ಉಪ್ಪು?"
"ಮೂರನೇ ಪುಟದಲ್ಲಿದೆ."
"ಹಾಗಾದರೆ ಸರಿ." ಇಟ್ಟುಬಿಟ್ಟರು.
ಒಪ್ಪಿಗೆ ಸಿಕ್ಕಿತು. ಹಗುರಾಗಬೇಕಿತ್ತು.

ಜೂನ್ 12. ಬೆಳಿಗ್ಗೆ 9.50
ಹಿಯರಿಂಗ್ ರೂಮಿನ ಹೊರಗೆ ಬೆಂಚು. ಫಾರ್ಮ್ ಮಡಿಲಲ್ಲಿ. "ಮಾಹಿತಿದಾರರ ಹೆಸರು" ಎಂಬಲ್ಲಿ ಮೊದಲ ಅಕ್ಷರ ಬರೆದೆ. ಹೊಡೆದು ಹಾಕಿದೆ. ಏನೂ ಕಾಣಬಾರದೆಂದು ಮತ್ತೆ ಮತ್ತೆ ಗೀಚಿದೆ, ಹಾಳೆ ತೂತಾಯಿತು.
ಅಕ್ಕ ಕೊಟ್ಟರು ಎಂದು ನಾನು ತೆಗೆದುಕೊಳ್ಳಬೇಕೇ?
ಅವ್ವನಿಗೆ ಏನೂ ಹೇಳಿಲ್ಲ. ಹೇಳಬೇಕಾಗುತ್ತದೆ.
ಒಳಗೆ ಮೂವರು. ಗಾಜಿನಲ್ಲಿ ಕಾಣುತ್ತಿದ್ದಾರೆ. ಪ್ರೊಫೆಸರ್ ತಲೆ ತಗ್ಗಿಸಿ ನನ್ನ ಪೇಪರ್ ಓದುತ್ತಿದ್ದಾರೆ. ಮೂರನೇ ಪುಟವಿರಬಹುದು.
ಬಾಗಿಲು ತೆರೆದರು. ಮೊದಲು ಇದನ್ನೇ ಹೇಳಿಬಿಡುತ್ತೇನೆ: ಹೆಸರು ನನಗೆ ಗೊತ್ತು, ಕೊಡುವುದಿಲ್ಲ. ಆಮೇಲೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ—