ಇಸ್ತ್ರಿ ಮೇಜಿನ ಮೇಲಿನ ಬಾಟ್ಲಿ

ರೀ,

ಮೇಷ್ಟ್ರು ಹತ್ತು ಗಂಟೆಗೆ ಕೋಟು ತಗೊಂಡು ಹೋಗೋಕೆ ಬರ್ತಾರೆ. ಹೊಲಿಗೆ ಮುಗಿಸಿದ್ದೀನಿ, ಇಸ್ತ್ರಿ ನೀವೇ ಹಾಕಿ. ಹೋದ ಸಲದ ಹಾಗೆ ಕಾಲರ್ ಸುಡಬೇಡಿ.

ನೀರು ಚಿಮುಕಿಸೋಕೆ ಮೇಜಿನ ಮೇಲಿರೋ ಬಾಟ್ಲಿ ತಗೋಬೇಡಿ. ಅದರಲ್ಲಿರೋದು ನೀರಲ್ಲ, ನಾನು ಕುಡಿಯೋ ವೋಡ್ಕಾ. ನೀವು ವಾಸನೆ ಅಂದಾಗೆಲ್ಲ ಕಲೆ ತೆಗೆಯೋ ಸ್ಪಿರಿಟ್ಟು ಅಂತ ನಿಮ್ಮ ಬಾಯಿ ಮುಚ್ಚಿಸ್ತಿದ್ದೆ.

ಬೆಳಿಗ್ಗೆ ಚೆಲ್ಲೋಣ ಅಂತ ಮೂರು ಸಲ ಸಿಂಕಿನ ಹತ್ರ ಹೋದೆ. ಮೂರು ಸಲವೂ ಒಂದೊಂದು ಗುಟುಕು ಇಳಿಸಿ ವಾಪಸ್ ತಂದಿಟ್ಟೆ. ಮನಸ್ಸು ಮಾಡಿದ್ರೆ ನಾಳೆನೇ ಬಿಡ್ತೀನಿ ಅಂತಿದ್ದೆನಲ್ಲ, ಅದು ಸುಳ್ಳು. ನನ್ನ ಕೈಲಿ ಆಗಲ್ಲ ಕಣ್ರೀ. ಕುಡಿತ ಬಿಡಿಸೋ ಆಸ್ಪತ್ರೆಗೆ ಸೇರೋಕೆ ಹೊರಟಿದ್ದೀನಿ, ನಿಮ್ಮ ತಂಗಿ ಜೊತೆಗಿದ್ದಾಳೆ.

ಅದನ್ನ ನೀವೇ ಚೆಲ್ಲಿಬಿಡಿ. ಬಾಟ್ಲಿ ಬಿಸಾಕಬೇಡಿ. ಚೆನ್ನಾಗಿ ತೊಳೆದು ನೀರು ತುಂಬಿಸಿಡಿ, ಬಂದ ಮೇಲೆ ಇಸ್ತ್ರಿಗೆ ಬೇಕು.